ಆಟದ ಎಂಜಿನ್ನೂ ನಿಜದ ಬಣ್ಣವೂ

ಇತ್ತೀಚೆಗೆ ಬಂಧುಗಳೊಬ್ಬರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಬಂದ ಮಾತಿದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನಲ್ಲಿ ಎಂಜಿನಿಯರ್ ಆಗಿದ್ದಾನೆ. (ಹೆಸರು ಬೇಡ, ಅವನ ಓರಗೆಯವರಿಗೆ ಊಹೆಯಾಗಿಯೇ ಆಗುತ್ತದೆ.) ಅವನ ಸುದ್ದಿ ಬಂದಾಗ ಹಿರಿಯರೊಬ್ಬರು, “ಅಲ್ಲ ಮೇಷ್ಟ್ರೇ, ನಿಮ್ಮ ಶಿಷ್ಯ ಅಷ್ಟೆಲ್ಲ ಓದಿ, ಅಷ್ಟು ದೂರ ಹೋಗಿ, ಈಗ ಆಟದ ರೈಲಿಗೆ ಬಣ್ಣ ಬಳೀತಾ ಕೂತಿದಾನಂತೆ!” ಎಂದರು. ಪಂಕ್ತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಬೇರೆಡೆಗೆ ಹೊರಳಿತು. ಹೋಳಿಗೆಯ ಎದುರು ವಾದ ಹೂಡುವುದು ಸರಿಯಲ್ಲವೆಂದು ನಾನೂ ಸುಮ್ಮನಾದೆ. ಆದರೆ ಆ ನಗುವಿನ ಹಿಂದಿರುವ ಮನೋಭಾವವನ್ನು ನಾನು ಒಪ್ಪಲಾರೆ. ನಕ್ಕವರಲ್ಲಿ ಈ ಪುಟಗಳನ್ನು ಓದುವವರೂ ಇದ್ದಾರೆ. ಆದ್ದರಿಂದ ಉತ್ತರ ಇಲ್ಲಿದೆ.

ಮೊದಲು ಆತ ಮಾಡುತ್ತಿರುವುದೇನು ಎಂಬುದನ್ನು ಅರಿಯೋಣ. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಉಗಿ ಎಂಜಿನ್ನಿನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ನೈಜೆಲ್ ಗ್ರೆಸ್ಲಿ ರೂಪಿಸಿದ ಈ ಎಂಜಿನ್ 1923ರಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂತು. 1934ರ ನವೆಂಬರ್ 30ರಂದು ಗಂಟೆಗೆ 100 ಮೈಲಿ ವೇಗವನ್ನು ಮುಟ್ಟಿತು. ಅಧಿಕೃತವಾಗಿ ದೃಢಪಟ್ಟು ಆ ವೇಗ ಮುಟ್ಟಿದ ಮೊದಲ ಉಗಿ ಎಂಜಿನ್ ಅದೇ. ಅದರ ಕಿರು ಮಾದರಿಗಳು ಆ ದೇಶದ ಅಂಗಡಿಗಳಲ್ಲಿ ದಶಕಗಳಿಂದ ಮಾರಾಟವಾಗುತ್ತಿವೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಓಓ’ ಪ್ರಮಾಣದಲ್ಲಿ ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಟೆಂಡರ್ ಸೇರಿ ಸುಮಾರು 70 ಅಡಿ ಉದ್ದದ ಆ ಎಂಜಿನ್ ಮೇಜಿನ ಮೇಲೆ 280 ಮಿಲಿಮೀಟರ್ ಆಗುತ್ತದೆ. ನಿಮ್ಮ ಮಕ್ಕಳ ಒಂದು ಅಡಿಯ ಸ್ಕೇಲಿಗಿಂತ ತುಸು ಚಿಕ್ಕದು. ನನ್ನ ಶಿಷ್ಯ ಕೊಂಡದ್ದು ಎಳೆ ಸೇಬಿನ ಹಸಿರು ಬಣ್ಣದ, 4472 ಸಂಖ್ಯೆ ಬರೆದ, ಯಾರೋ ಬಳಸಿ ಬಿಟ್ಟ ಮಾದರಿ. ಅವನಿಗೆ ಬೇಕಾದದ್ದು ಅದಲ್ಲ. 1962ರಲ್ಲಿ ಆ ಎಂಜಿನ್ ಹೇಗಿತ್ತೋ ಹಾಗೆ ಬೇಕು. ಅಷ್ಟಕ್ಕಾಗಿ ಅಚ್ಚುಕಟ್ಟಾಗಿದ್ದ ಬಣ್ಣವನ್ನೆಲ್ಲ ಕರಗಿಸಿ ತೆಗೆದು, ಮೊದಲಿಂದ ಹಚ್ಚುತ್ತಿದ್ದಾನೆ.

“ಹಸಿರಿದ್ದದ್ದನ್ನು ತೆಗೆದು ಹಸಿರೇ ಹಚ್ಚುವುದೇ?” ಎಂದು ಪಂಕ್ತಿಯಲ್ಲಿ ಇನ್ನೊಬ್ಬರು ಕೇಳಿದ್ದರು. ಹೌದು, ಹಸಿರೇ. ಆದರೆ ಬೇರೆ ಹಸಿರು. ವಿಷಯವೆಲ್ಲ ಇರುವುದು ಆ ‘ಬೇರೆ’ ಎಂಬಲ್ಲಿ.

ಈ ಒಂದು ಎಂಜಿನ್ನಿನ ಜಾತಕವನ್ನು ನೋಡಿ. ಹುಟ್ಟಿದಾಗ ಅದರ ಸಂಖ್ಯೆ 1472. ಮರುವರ್ಷ ವೆಂಬ್ಲಿಯ ಸಾಮ್ರಾಜ್ಯ ಪ್ರದರ್ಶನಕ್ಕೆ ಹೋಗುವ ಹೊತ್ತಿಗೆ 4472. ಬಣ್ಣ ಸೇಬು ಹಸಿರು, ಅಂಚಿಗೆ ಕಪ್ಪು ಬಿಳುಪಿನ ಗೆರೆ. ಎರಡನೆಯ ಮಹಾಯುದ್ಧದ ನಡುವೆ 1943ರಲ್ಲಿ ಕಪ್ಪು ಬಳಿದರು. ಯುದ್ಧಕಾಲದಲ್ಲಿ ಸಿಂಗಾರಕ್ಕೆ ಯಾರಿಗೆ ಪುರುಸೊತ್ತು? 1946ರಲ್ಲಿ ಸಂಖ್ಯೆ 502 ಆಯಿತು, ಅದೇ ವರ್ಷ 103 ಆಯಿತು. 1947ರಲ್ಲಿ ಹೊಸ ಬಾಯ್ಲರಿನೊಂದಿಗೆ ಮರುನಿರ್ಮಾಣಗೊಂಡು ಮತ್ತೆ ಹಸಿರಾಯಿತು. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳೆಲ್ಲ ಸರ್ಕಾರದ ಕೈಗೆ ಬಂದ ಮೇಲೆ ಸಂಖ್ಯೆ 60103. ಕೆಲಕಾಲ ನೀಲಿ. 1952ರಿಂದ ಬ್ರನ್ಸ್‌ವಿಕ್ ಹಸಿರು: ಮಾಗಿದ ಹಲಸಿನ ಎಲೆಯಂಥ ಗಾಢ ಬಣ್ಣ, ಅಂಚಿಗೆ ಕಿತ್ತಳೆ ಮತ್ತು ಕಪ್ಪು ಗೆರೆ. 1963ರ ಜನವರಿಯಲ್ಲಿ ಸೇವೆಯಿಂದ ನಿವೃತ್ತಿ. ಆಗ ಅದನ್ನು ಕೊಂಡ ಅಲನ್ ಪೆಗ್ಲರ್ ಅವರು ಮತ್ತೆ ಸೇಬು ಹಸಿರು ಹಚ್ಚಿಸಿ, ಹಳೆಯ 4472 ಸಂಖ್ಯೆಯನ್ನೇ ಬರೆಸಿದರು. ಜನರ ಕಣ್ಣಲ್ಲಿ ಉಳಿದದ್ದು ಆ ರೂಪ. ಅಂಗಡಿಯವರು ಮಾರುವುದೂ ಹೆಚ್ಚಾಗಿ ಅದನ್ನೇ.

ಇಷ್ಟಕ್ಕೇ ಮುಗಿಯಲಿಲ್ಲ. 1958ರ ಕೊನೆಯ ಹೊತ್ತಿಗೆ ಆ ಎಂಜಿನ್ನಿಗೆ ಒಂಟಿ ಹೊಗೆಕೊಳವೆಯ ಬದಲು ಜೋಡಿ ಹೊಗೆಕೊಳವೆ ಬಂತು. ಅದರಿಂದ ಉಗಿ ಸರಾಗವಾಗಿ ಹೊರಹೋಗಿ ಎಂಜಿನ್ನಿನ ಶಕ್ತಿ ಹೆಚ್ಚಿತು. ಆದರೆ ಹೊರಹೊಮ್ಮುವ ರಭಸ ತಗ್ಗಿದ್ದರಿಂದ ಹೊಗೆ ಮೇಲಕ್ಕೆ ಚಿಮ್ಮದೆ ಬಾಯ್ಲರಿನ ಮೇಲೆಯೇ ತೇಲಿಬಂದು ಚಾಲಕನ ನೋಟಕ್ಕೆ ಅಡ್ಡಿಯಾಗತೊಡಗಿತು. ಅದನ್ನು ನಿವಾರಿಸಲು 1961ರ ಕೊನೆಯಲ್ಲಿ, ಜರ್ಮನಿಯಲ್ಲಿ ಬಳಕೆಯಲ್ಲಿದ್ದ ಮಾದರಿಯ ಎರಡು ತಗಡಿನ ಫಲಕಗಳನ್ನು ಮುಂಭಾಗದ ಎರಡೂ ಬದಿಗೆ ಜೋಡಿಸಿದರು. ಎದುರಿನ ಗಾಳಿಯನ್ನು ಹಿಡಿದು ಹೊಗೆಯನ್ನು ಮೇಲೆತ್ತುವುದು ಅವುಗಳ ಕೆಲಸ. ಅಂದರೆ ಜೋಡಿ ಕೊಳವೆ, ಎರಡು ಫಲಕ, ಗಾಢ ಹಸಿರು, 60103 ಎಂಬ ಸಂಖ್ಯೆ – ಈ ನಾಲ್ಕೂ ಕೂಡಿದ್ದದ್ದು ಆ ಎಂಜಿನ್ನಿನ ನಲವತ್ತು ವರ್ಷದ ಸೇವೆಯಲ್ಲಿ ಕೊನೆಯ ಒಂದು ವರ್ಷದಷ್ಟು ಕಾಲ ಮಾತ್ರ. ಸೇಬು ಹಸಿರೂ ಆ ಫಲಕಗಳೂ ಸೇವಾಕಾಲದಲ್ಲಿ ಒಮ್ಮೆಯೂ ಒಟ್ಟಿಗೆ ಇದ್ದದ್ದಿಲ್ಲ.

ಬಣ್ಣ ಹಚ್ಚಲು ಕೂತವನು ಇದನ್ನೆಲ್ಲ ತಿಳಿಯಲೇಬೇಕು. ಉಗಿ ಏಕೆ ಮೇಲೇರುತ್ತದೆ, ಏಕೆ ಇಳಿಯುತ್ತದೆ ಎಂಬುದರಿಂದ ಹಿಡಿದು ಯುದ್ಧ, ರಾಷ್ಟ್ರೀಕರಣ, ನಿವೃತ್ತಿಗಳ ತನಕ. ಟೆಂಡರಿನ ಮೇಲೊಂದು ಲಾಂಛನವಿದೆ: 1956ರಲ್ಲಿ ಬಂದದ್ದು, ಚಕ್ರ ಹಿಡಿದ ಸಿಂಹ. ಮೊದಮೊದಲು ಎರಡೂ ಬದಿಯಲ್ಲಿ ಸಿಂಹ ಎಂಜಿನ್ನಿನ ಮುಂಭಾಗಕ್ಕೆ ಮುಖ ಮಾಡಿರುವಂತೆ ಅಂಟಿಸುತ್ತಿದ್ದರು. ಆಗ ಒಂದು ಬದಿಯ ಸಿಂಹ ಬಲಕ್ಕೆ ನೋಡುತ್ತದೆ. ಲಾಂಛನಶಾಸ್ತ್ರದ ಪ್ರಕಾರ ಅದು ಸಲ್ಲದು ಎಂಬ ತಕರಾರು ಎದ್ದು, ಆಮೇಲೆ ಎರಡೂ ಬದಿಯಲ್ಲಿ ಎಡಕ್ಕೆ ನೋಡುವ ಸಿಂಹವೇ ಬಂತು. ಹೀಗಾಗಿ ತನ್ನ ಎಂಜಿನ್ನಿನ ಬಲಬದಿಯ ಸಿಂಹ ಮುಂದೆ ನೋಡಬೇಕೋ ಹಿಂದೆ ನೋಡಬೇಕೋ ಎಂಬ ಒಂದೇ ಪ್ರಶ್ನೆಗಾಗಿ ಈ ಹುಡುಗ ಎರಡು ವಾರ ಹಳೆಯ ಛಾಯಾಚಿತ್ರಗಳನ್ನು ತಡಕಿದನಂತೆ. (ಹುಡುಗ ಎನ್ನುತ್ತೇನೆ, ಅವನಿಗೂ ಈಗ ತಲೆ ನರೆತಿದೆ.) ಬಿ.ಎಡ್. ಓದುವಾಗ ನಾವು ‘ಮಾಡಿ ಕಲಿ’ ಎಂಬ ತತ್ತ್ವವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಮಾಡಿ ಕಲಿಯುವವನು ಕಣ್ಣೆದುರು ಬಂದರೆ ನಗುತ್ತೇವೆ!

ಇನ್ನು ಕೈಕೆಲಸದ ಮಾತು. ಹಳೆಯ ಬಣ್ಣವನ್ನು ಪ್ಲಾಸ್ಟಿಕ್ಕಿಗೆ ಹಾನಿಯಾಗದಂಥ ದ್ರಾವಣದಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ತೊಳೆದು ಒಣಗಿಸಿದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಮೊದಲು ಪ್ರೈಮರ್, ಅನಂತರ ಏರ್‌ಬ್ರಷ್ಷಿನಿಂದ ತೆಳುವಾದ ಹಲವು ಪದರ. ಏಕೆ ತೆಳು? ಲೆಕ್ಕ ಹಾಕಿ ನೋಡಿ, ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಕಷ್ಟವಲ್ಲ. ಪ್ರಮಾಣ 1:76.2. ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪ ಬಣ್ಣ ಕುಳಿತರೆ ನಿಜದ ಎಂಜಿನ್ನಿನ ಮೇಲೆ 7.6 ಮಿಲಿಮೀಟರ್ ದಪ್ಪದ ಲೇಪ ಬಳಿದಂತೆ! ರಿವೆಟ್ಟುಗಳೆಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ನಿಜದಲ್ಲಿ 8 ಅಂಗುಲ ಎತ್ತರವಿರುವ ಅಂಕೆ ಮಾದರಿಯಲ್ಲಿ 2.67 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತೊಗರಿಬೇಳೆಯ ಅರ್ಧದಷ್ಟು. ಅಂಥ ಅಂಕೆಯನ್ನು ನೀರಿನಲ್ಲಿ ನೆನೆಸಿದ ಕಾಗದದಿಂದ ಜಾರಿಸಿ, ಓರೆಯಾಗದಂತೆ ಕೂರಿಸಬೇಕು. ಹೊಳಪು ಮೇಲ್ಮೈ ಇಲ್ಲದಿದ್ದರೆ ಅಂಕೆಯ ಸುತ್ತ ಬೆಳ್ಳಗೆ ಗಾಳಿ ಸಿಕ್ಕಿಕೊಂಡು ಮೋಸ ಬಯಲಾಗುತ್ತದೆ. ಆದ್ದರಿಂದ ಮೊದಲು ಹೊಳಪಿನ ವಾರ್ನಿಷ್, ಅಂಕೆ, ಆಮೇಲೆ ಹೊಳಪು ತಗ್ಗಿಸುವ ವಾರ್ನಿಷ್. ಇದನ್ನು ‘ಬಳಿಯುವುದು’ ಎನ್ನುವವರು ಒಮ್ಮೆ ಕೈಹಾಕಿ ನೋಡಲಿ.

ಆದರೂ ಕೈಚಳಕಕ್ಕಿಂತ ಕಷ್ಟವಾದದ್ದು ‘ಯಾವ ಹಸಿರು?’ ಎಂಬ ಪ್ರಶ್ನೆ. ಹೆಸರನ್ನು ನಂಬುವಂತಿಲ್ಲ. ಲಂಡನ್–ಬ್ರೈಟನ್ ರೈಲ್ವೆಯಲ್ಲಿ 1870ರಿಂದ ಎಂಜಿನ್ನುಗಳ ಮುಖ್ಯಸ್ಥರಾಗಿದ್ದ ವಿಲಿಯಂ ಸ್ಟ್ರೌಡ್ಲಿಯವರ ಎಂಜಿನ್ನುಗಳ ಬಣ್ಣದ ಹೆಸರು ‘ಸುಧಾರಿತ ಎಂಜಿನ್ ಹಸಿರು’. 1882ರಲ್ಲಿ ನಿರ್ಮಾಣವಾದ ಅವರ ‘ಗ್ಲಾಡ್‌ಸ್ಟನ್’ ಎಂಬ ಎಂಜಿನ್ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಅದರ ಚಿತ್ರ ನೋಡಿದರೆ ಮೈಬಣ್ಣ ಹಸಿರಾಗಿ ಕಾಣುವುದಿಲ್ಲ. ಅದು ಅರಿಶಿನಕ್ಕೆ ತುಸು ಕಂದು ಬೆರೆಸಿದಂಥ ಹಳದಿ! ಅವರಿಗೆ ವರ್ಣಾಂಧತೆ ಇತ್ತೆಂದು ಒಂದು ಊಹೆ, ಬೇರೆ ಊಹೆಗಳೂ ಇವೆ. ಬರೀ ಕಾಗದದ ದಾಖಲೆಯನ್ನು ನಂಬಿ ಬಣ್ಣ ಹಚ್ಚಿದವನು ಆ ಎಂಜಿನ್ನನ್ನು ಗಿಳಿಯ ಬಣ್ಣ ಮಾಡಿಯಾನು.

ಛಾಯಾಚಿತ್ರವನ್ನಾದರೂ ನಂಬೋಣವೆಂದರೆ ಅದೂ ಸುಲಭವಲ್ಲ. ಹಿಂದಿನ ಕಾಲದ ಕಪ್ಪು ಬಿಳುಪಿನ ಫಿಲ್ಮುಗಳಲ್ಲಿ ಒಂದು ಬಗೆಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಾಗಿಯೂ ಮೂಡುತ್ತಿದ್ದವು. ಇದಕ್ಕಿಂತ ಸೋಜಿಗವೆಂದರೆ, ಕಾರ್ಖಾನೆಯವರು ಹೊಸ ಎಂಜಿನ್ನಿನ ಅಧಿಕೃತ ಚಿತ್ರ ತೆಗೆಯಿಸುವಾಗ ವಿವರಗಳು ಸ್ಪಷ್ಟವಾಗಿ ಬರಲೆಂದು ಅದಕ್ಕೆ ಬೂದು ಬಣ್ಣ ಹಚ್ಚುತ್ತಿದ್ದುದುಂಟು. ಚಿತ್ರ ತೆಗೆದ ಮೇಲೆ ನಿಜವಾದ ಬಣ್ಣ. ಅಂದರೆ ಅತ್ಯಂತ ಸ್ಪಷ್ಟವಾದ ಚಿತ್ರದಲ್ಲಿರುವ ಬಣ್ಣದಲ್ಲಿ ಆ ಎಂಜಿನ್ ಒಂದು ದಿನವೂ ಗಾಡಿ ಎಳೆದಿಲ್ಲ! ವರ್ಣಚಿತ್ರ ಬಂದ ಮೇಲೂ ಫಿಲ್ಮು ಮಾಸುತ್ತದೆ, ಬಿಸಿಲು ಬೇರೆ, ಮೋಡ ಬೇರೆ. ನಿಜದ ಎಂಜಿನ್ನಿನಿಂದ ಒಂದು ಚಕ್ಕೆ ಬಣ್ಣ ತಂದು, ಅದಕ್ಕೆ ಪೂರ್ತಿ ಹೊಂದುವ ಬಣ್ಣವನ್ನೇ ಕಲಸಿ ಹಚ್ಚಿದರೂ ಗೇಣುದ್ದದ ಮಾದರಿಯ ಮೇಲೆ ಅದು ಹೆಚ್ಚು ಕಡುವಾಗಿ ಕಾಣುತ್ತದೆ ಎಂಬುದು ಈ ಹವ್ಯಾಸಿಗಳಲ್ಲಿ ಅನೇಕರ ಅನುಭವ. ದೊಡ್ಡ ಎಂಜಿನ್ನನ್ನು ನಾವು ದೂರ ನಿಂತು ನೋಡುತ್ತೇವೆ, ನಡುವೆ ಗಾಳಿಯೂ ಬೆಳಕೂ ಇರುತ್ತವೆ. ಆದ್ದರಿಂದ ಚೂರು ಬಿಳಿ ಬೆರೆಸಿ ತಿಳಿ ಮಾಡುತ್ತಾರೆ. ಸತ್ಯವಾಗಿ ಕಾಣಿಸಲು ಡಬ್ಬಿಯ ಸತ್ಯದಿಂದ ಸ್ವಲ್ಪ ಸರಿಯಬೇಕು. ಎಷ್ಟು ಎಂಬುದರ ಮೇಲೆ ಅವರಲ್ಲಿ ಜಗಳವೇ ನಡೆಯುತ್ತದೆ. ಅಂಥ ಜಗಳ ಆಡುವವರನ್ನು ಕಂಡರೆ ನನಗೆ ಗೌರವ.

ಗೌರವವಿಲ್ಲದ್ದು ಬೇರೆಯವರ ಮೇಲೆ. ದುಬಾರಿ ಮಾದರಿಗಳನ್ನು ಕೊಂಡು, ಡಬ್ಬಿ ತೆರೆಯದೆ ಬೀರುವಿನಲ್ಲಿಟ್ಟು ಬೆಲೆ ಏರುವುದನ್ನೇ ಕಾಯುವ ಒಂದು ಪಂಗಡವಿದೆ. ಅದು ಚಿನ್ನದ ವ್ಯಾಪಾರ, ಹವ್ಯಾಸವಲ್ಲ. ಇನ್ನೊಂದು ಪಂಗಡ ‘ಹಳತಾಗಿ ಕಾಣಲಿ’ ಎಂದು ಮೈತುಂಬ ಮಸಿ, ತುಕ್ಕು, ಮಣ್ಣು ಮೆತ್ತುತ್ತದೆ. ಮಸಿ ಕೂರುವುದು ಹೊಗೆ ಬೀಳುವ ಕಡೆ, ಬಿಳಿ ಸುಣ್ಣದ ಗೆರೆ ಇಳಿಯುವುದು ನೀರು ಒಸರುವ ಕಡೆ, ಎಣ್ಣೆ ಕಾಣುವುದು ಚಕ್ರದ ಸನ್ನೆಗಳ ಬಳಿ. ಇದನ್ನು ನೋಡದೆ ಬಳಿದ ಕೊಳೆಯೂ ಸುಳ್ಳೇ.

ಈಗ ‘ಆಟ’ ಎಂಬ ಮಾತಿಗೆ ಬರುತ್ತೇನೆ. ಪಂಕ್ತಿಯಲ್ಲಿ ನಕ್ಕ ಹಿರಿಯರ ಮನೆಯಲ್ಲಿ ಪ್ರತಿ ನವರಾತ್ರಿಗೂ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆಗಳ ಸೀರೆಯ ಅಂಚು, ಪೇಟದ ಬಣ್ಣ ಯಾವುದಿರಬೇಕೆಂದು ಅತ್ತೆ ಸೊಸೆಯರಲ್ಲಿ ಚರ್ಚೆಯಾಗುವುದನ್ನು ನಾನೇ ಕೇಳಿದ್ದೇನೆ. ದಸರಾ ಮೆರವಣಿಗೆಯ ಸಾಲಿನಲ್ಲಿ ಅಂಬಾರಿಗೆ ಬೆಳ್ಳಿ ಬಣ್ಣ ಹಚ್ಚಿದ ಗೊಂಬೆಯನ್ನು ತಂದಿಟ್ಟು ನೋಡಲಿ, ಆ ಹಿರಿಯರೇ ಮೊದಲು ಎದ್ದು “ಇದೇನ್ರೀ ಇದು, ಅಂಬಾರಿ ಚಿನ್ನದ್ದಲ್ಲವೇ” ಎನ್ನುತ್ತಾರೆ. ಅನ್ನಲೇಬೇಕು. ಯಕ್ಷಗಾನ ಬಲ್ಲವರು ಮುಖವರ್ಣಿಕೆಯಲ್ಲಿ ಒಂದು ರೇಖೆ ತಪ್ಪಿದರೂ ಸಹಿಸರು. ಹಾಗಿದ್ದ ಮೇಲೆ ಎಂಜಿನ್ನಿನ ವಿಷಯದಲ್ಲಿ ಮಾತ್ರ ‘ಏನೋ ಒಂದು ಹಸಿರು’ ಎಂಬ ಉದಾಸೀನವೇಕೆ? ಕಬ್ಬಿಣ, ಕಲ್ಲಿದ್ದಲು, ಬೆವರಿನಿಂದಾದ ವಸ್ತುವಿಗೆ ಇತಿಹಾಸವಿಲ್ಲ, ರಾಜರಿಗೂ ದೇವರಿಗೂ ಮಾತ್ರ ಇದೆ ಎಂದೇ?

ಈ ಉದಾಸೀನದ ಫಲವನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಕಡೆಯ ಒಂದು ನಿಲ್ದಾಣದ ಮುಂದೆ ಹಳೆಯ ಉಗಿ ಎಂಜಿನ್ನೊಂದನ್ನು ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದು ಸ್ತುತ್ಯವೇ. ಆದರೆ ಅದರ ಮುಖಕ್ಕೆ ಬೆಳ್ಳಿ ಬಣ್ಣ, ಚಕ್ರಕ್ಕೆ ಕುಂಕುಮದ ಕೆಂಪು, ಮೆಟ್ಟಿಲಿಗೆ ಹಳದಿ, ಬಾಯ್ಲರಿನ ಸುತ್ತ ನೀಲಿ ಪಟ್ಟಿ! ಎರಕದ ಫಲಕದ ಮೇಲಿನ ತಯಾರಕರ ಹೆಸರೂ ಇಸವಿಯೂ ಎನಾಮೆಲ್ಲಿನಲ್ಲಿ ಮುಳುಗಿವೆ. ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದೆ. “ಚೆನ್ನಾಗಿ ಕಾಣ್ಲಿ ಅಂತ ಸಾರ್, ಜನ ಫೋಟೋ ತೆಗೀತಾರೆ” ಎಂದರು. ಅವರ ಸೌಜನ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಅವರ ಕೂಲಿಯಾಳು ಅದೇ ಹೊತ್ತಿನಲ್ಲಿ ತಂತಿ ಬ್ರಷ್ಷಿನ ಯಂತ್ರ ಹಿಡಿದು ಹಳೆಯ ಬಣ್ಣವನ್ನೆಲ್ಲ ಕಬ್ಬಿಣ ಕಾಣುವ ತನಕ ಉಜ್ಜುತ್ತಿದ್ದ. ಆ ಹಳೆಯ ಬಣ್ಣ ಪದರ ಪದರವಾಗಿರುತ್ತದೆ. ಮೇಲಿನದು ಇತ್ತೀಚಿನದು, ಅಡಿಯದು ಹಳೆಯದು. ಒಂದು ಚಕ್ಕೆಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಂಜಿನ್ನಿನ ಆಯುಷ್ಯವೆಲ್ಲ ಸಾಲಾಗಿ ಕಾಣುತ್ತದೆ. ಅರ್ಧ ದಿನದ ಕೂಲಿಯಲ್ಲಿ ಅದು ಪುಡಿಯಾಗಿ ನೆಲಕ್ಕೆ ಬಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಯ ಶಿಲ್ಪಗಳಿಗೆ ಎನಾಮೆಲ್ ಬಳಿಯುವುದನ್ನು ಕಂಡು ಕೊರಗುವ ನನ್ನ ಮಿತ್ರರು ಇದಕ್ಕೂ ಸ್ವಲ್ಪ ಕೊರಗಬಾರದೇ?

ಇದಕ್ಕೆ ಎದುರಾಗಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ನಿಗೇ ಆದದ್ದನ್ನು ನೋಡಿ. ಆ ಎಂಜಿನ್ನನ್ನು ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ 2004ರಲ್ಲಿ ಕೊಂಡಿತು. 2006ರಿಂದ ಹತ್ತು ವರ್ಷ ದುರಸ್ತಿ ನಡೆಯಿತು. 2016ರಲ್ಲಿ ಅದು ಮತ್ತೆ ಓಡಿದಾಗ ಬ್ರನ್ಸ್‌ವಿಕ್ ಹಸಿರಿನಲ್ಲಿತ್ತು, ಸಂಖ್ಯೆ 60103. ಎಲ್ಲರೂ ಬಲ್ಲ ಸೇಬು ಹಸಿರನ್ನೇ ಕಾಣಬಯಸಿದ್ದ ಅನೇಕರಿಗೆ ಅಸಮಾಧಾನವಾಯಿತು. ಆದರೆ ಈಗ ಅದಕ್ಕಿರುವುದು ಜೋಡಿ ಹೊಗೆಕೊಳವೆ, ಹೊಗೆಯ ಫಲಕಗಳು. ಆ ಮೈಕಟ್ಟಿಗೆ ಚರಿತ್ರೆಯಲ್ಲಿ ಹೊಂದುವ ಬಣ್ಣ ಅದೊಂದೇ. ಜನಪ್ರಿಯವಾದದ್ದನ್ನು ಬಿಟ್ಟು ಸರಿಯಾದದ್ದನ್ನು ಆರಿಸಿದರು. ನನ್ನ ಶಿಷ್ಯ ತನ್ನ ಮೇಜಿನ ಮೇಲೆ ಮಾಡಿದ್ದೂ ಅದೇ ಆಯ್ಕೆ.

ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ, ಬುದ್ಧಿವಂತ ಶಿಷ್ಯರು ಎತ್ತುವ ಮೊದಲು. ಬ್ರಿಟನ್ನಿನ ಹಳಿಯ ಅಗಲ 1435 ಮಿಲಿಮೀಟರ್. 76.2ರಿಂದ ಭಾಗಿಸಿದರೆ 18.83 ಬರಬೇಕು. ಆದರೆ ‘ಓಓ’ ಹಳಿಯ ಅಗಲ 16.5 ಮಾತ್ರ. ಅಡಿಪಾಯದಲ್ಲೇ ಸುಳ್ಳಿರುವಾಗ ಬಣ್ಣದ ಸತ್ಯಕ್ಕೇನು ಬೆಲೆ? ಆಕ್ಷೇಪ ಸರಿಯಾದದ್ದೇ, 18.83ರ ಹಳಿಯನ್ನೇ ಕೈಯಾರೆ ಕಟ್ಟಿಕೊಳ್ಳುವ ಹಟಮಾರಿಗಳೂ ಅಲ್ಲಿದ್ದಾರೆ. ಆದರೆ ಒಂದು ಕಡೆ ರಾಜಿಯಾದವನು ಎಲ್ಲ ಕಡೆಯೂ ರಾಜಿಯಾಗಬೇಕೆಂಬುದು ಸೋಮಾರಿಯ ತರ್ಕ. ಭೂಪಟದಲ್ಲಿ ದುಂಡು ಭೂಮಿಯನ್ನು ಚಪ್ಪಟೆ ಮಾಡುತ್ತೇವೆಂದು ಮೈಸೂರನ್ನು ಸಮುದ್ರದಲ್ಲಿ ಗುರುತಿಸುತ್ತೇವೆಯೇ?

ಖರ್ಚಿನ ಮಾತನ್ನೂ ಆಡಿದರು. ಅವನ ದುಡಿಮೆ, ಅವನ ಭಾನುವಾರ. ಅದರ ಲೆಕ್ಕ ಕೇಳುವ ಅಧಿಕಾರ ಅವನ ಹೆಂಡತಿಗೆ ಮಾತ್ರ ಇದೆ. ಆಕೆಯೇ ಕಿತ್ತಳೆ ಗೆರೆಗೆ ಬೇಕಾದ ಬ್ರಷ್ಷನ್ನು ಹುಡುಕಿ ತಂದುಕೊಟ್ಟಳೆಂದು ಬರೆದಿದ್ದಾನೆ.

ಮುಂದಿನ ಸಾಹಸ ನಮ್ಮೂರಿನದು. “ಸಾರ್, ಇದು ಮುಗಿದ ಮೇಲೆ ನಾನು ಚಿಕ್ಕಂದಿನಲ್ಲಿ ನೋಡಿದ ಮೀಟರ್‌ಗೇಜಿನ ವೈಪಿ ಎಂಜಿನ್ ಮಾಡಬೇಕು” ಎಂದು ಬರೆದಿದ್ದಾನೆ. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ದಾರಿ ಬ್ರಾಡ್‌ಗೇಜ್ ಆದದ್ದನ್ನು ನೀವೆಲ್ಲ ಕಂಡವರೇ. ವೈಪಿ ಎಂಜಿನ್ ಕಪ್ಪಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದರ ಅಂಚಿನ ಗೆರೆ, ಚಕ್ರದ ಸುತ್ತು, ಚಾಲಕನ ಗೂಡಿನ ಒಳಬಣ್ಣ, ಟೆಂಡರಿನ ಮೇಲಿನ ಅಕ್ಷರಗಳ ಬಣ್ಣ ಯಾವುದೆಂದು ಕೇಳಿದರೆ ಮೂವರು ಮೂರು ಬಗೆಯಾಗಿ ಹೇಳುತ್ತಾರೆ. ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮಲ್ಲಿ ಹಲವರ ತಂದೆಯವರು, ಮಾವನವರು ರೈಲ್ವೆಯಲ್ಲಿದ್ದವರು. ಲೋಕೋ ಶೆಡ್ಡಿನಲ್ಲಿ, ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ದುಡಿದವರೂ ಇರಬಹುದು. ಅವರನ್ನು ಕೂರಿಸಿಕೊಂಡು ಕೇಳಿ. 1970 ಮತ್ತು 80ರ ದಶಕಗಳ ವರ್ಣಚಿತ್ರಗಳು ಮನೆಯ ಆಲ್ಬಮ್ಮಿನಲ್ಲಿದ್ದರೆ, ಮದುವೆಯ ದಿಬ್ಬಣದ ಹಿಂದೆ ಎಂಜಿನ್ ಅರ್ಧ ಕಂಡರೂ ಸರಿಯೇ, ನನಗೆ ಕಳುಹಿಸಿ. ಯಾವ ಊರಿನ ನಿಲ್ದಾಣ, ಯಾವ ಇಸವಿ ಎಂಬುದನ್ನು ಮರೆಯದೆ ಬರೆಯಿರಿ. ಇಸವಿ ಗೊತ್ತಿಲ್ಲದಿದ್ದರೆ ಚಿತ್ರದಲ್ಲಿರುವ ಮಗುವಿನ ವಯಸ್ಸನ್ನಾದರೂ ತಿಳಿಸಿ, ಲೆಕ್ಕ ನಾನು ಹಾಕಿಕೊಳ್ಳುತ್ತೇನೆ.